ವೇಗದ ಹುಡುಗರಿಗೆ ಕಡಿವಾಣ ಹಾಕಿದ ಕ್ಲಬ್‌ಗಳು

ಮೀಸೆ ಮೂಡುವ ವಯಸ್ಸಿನಲ್ಲಿ ವೇಗದ ಹುಚ್ಚು ಹತ್ತುವುದು ಯಾವ ದೇಶಕ್ಕೂ ಹೊಸದಲ್ಲ. ನಮ್ಮ ಹುಡುಗರು ಬೈಕಿನ ಸೈಲೆನ್ಸರ್ ಬಿಚ್ಚಿ ಓಣಿಯ ನಿದ್ದೆ ಕೆಡಿಸುತ್ತಾರೆ. ಗೇಟು ತೆರೆದ ಸದ್ದು ಕೇಳುವವರೆಗೆ ತಾಯಂದಿರು ಎದ್ದು ಕೂತಿರುತ್ತಾರೆ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲೂ ಇದೇ ಕಥೆಯಿತ್ತು. ಅಲ್ಲಿನ ಹುಡುಗರಿಗೆ ಗುಜರಿ ಬೆಲೆಗೆ ಹಳೆಯ ಫೋರ್ಡ್ ಕಾರುಗಳು ಸಿಗುತ್ತಿದ್ದವು. ಅವುಗಳಿಂದ ಬೇಡದ್ದನ್ನೆಲ್ಲ ಕಿತ್ತೆಸೆದು, ಎಂಜಿನ್ನನ್ನು ತಿದ್ದಿ, ರಾತ್ರಿ ಹೊತ್ತು ಬೀದಿಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ಕೆಲವರು ಸತ್ತರು, ಕೆಲವರು ಏನೂ ಅರಿಯದ ದಾರಿಹೋಕರನ್ನು ಬಲಿ ತೆಗೆದುಕೊಂಡರು. ಪತ್ರಿಕೆಗಳು ಅವರನ್ನು ಪುಂಡರೆಂದು ಕರೆದವು. ಇಂಥ ಗಾಡಿಗಳನ್ನೇ ನಿಷೇಧಿಸಬೇಕೆಂಬ ಕೂಗೂ ಎದ್ದಿತು.

ಸೋಜಿಗವೆಂದರೆ, ಮುಂದೆ ಅದೇ ಹುಡುಗರ ನಡುವಿನಿಂದ ಹೆಸರಾಂತ ಯಂತ್ರತಜ್ಞರು ಬಂದರು, ಕಾರ್ಖಾನೆಗಳ ಒಡೆಯರು ಬಂದರು, ವಾಹನ ಸುರಕ್ಷತೆಯ ನಿಯಮಗಳನ್ನು ಬರೆದವರೂ ಬಂದರು. ಈ ಬದಲಾವಣೆಯಲ್ಲಿ ಪೊಲೀಸರ ಪಾತ್ರವಿತ್ತು, ಕಾನೂನಿನ ಪಾತ್ರವೂ ಇತ್ತು. ಆದರೆ ದೊಡ್ಡ ಪಾಲು ಹುಡುಗರೇ ಕಟ್ಟಿಕೊಂಡ ಕ್ಲಬ್‌ಗಳದ್ದು. ಅವೇ ‘ಹಾಟ್ ರಾಡ್’ ಕ್ಲಬ್‌ಗಳು. ಅವುಗಳಿಗೆ ಸೇರುವುದು ಹೇಗೆ, ಸೇರಿದ ಮೇಲೆ ಅಲ್ಲಿ ಉಳಿಯುವುದು ಹೇಗೆ ಎಂಬುದು ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ಒಟ್ಟಿಗೆ ಕೂತು ಓದಬಹುದಾದ ಕಥೆ.

ಹಾಟ್ ರಾಡ್ ಎಂದರೇನು?

ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು ಹೊರತಂದ. 1927ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ರಸ್ತೆಗಿಳಿದಿದ್ದವು. ಅದರ ಎಂಜಿನ್ನಿನ ಬಲ ಕೇವಲ 20 ಅಶ್ವಶಕ್ತಿ. ನಂತರ ಬಂದ ‘ಮಾಡೆಲ್ ಎ’ಗೆ 40. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರುಗಳ ‘ವಿ-8’ ಎಂಜಿನ್ನನ್ನು ತಂದಾಗ ಬಲ 65 ಅಶ್ವಶಕ್ತಿಗೆ ಏರಿತು. ಅದುವರೆಗೆ ಸಿರಿವಂತರ ಕಾರುಗಳಲ್ಲಷ್ಟೇ ಇದ್ದ ಎಂಟು ಸಿಲಿಂಡರು ಈಗ 500 ಡಾಲರಿಗೂ ಕಡಿಮೆ ಬೆಲೆಯ ಕಾರಿನಲ್ಲಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಇವೆಲ್ಲ ಹಳತಾಗಿ ಗುಜರಿ ಅಂಗಡಿಗೆ ಬಂದವು. ಅಲ್ಲಿಂದ ಹುಡುಗರ ಕೈಗೆ.

ಹುಡುಗರು ಮಾಡಿದ್ದೇನು? ಮೊದಲು ಮಡ್‌ಗಾರ್ಡು, ಬಂಪರು, ಮುಂದಿನ ಗಾಜು ಎಲ್ಲವನ್ನೂ ಬಿಚ್ಚಿದರು. ಆಮೇಲೆ ಎಂಜಿನ್ನಿಗೆ ಕೈ ಹಾಕಿದರು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು, ಮೂರು ಕೂರಿಸಿದರು. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಒಳಹೋಗಲೆಂದು. ಸಿಲಿಂಡರಿನ ತಲೆಯನ್ನು ತುಸು ಹೆರೆದು ಒಳಗಿನ ಜಾಗ ಕಿರಿದಾಗಿಸಿದರು. ಅನಿಲ ಹೆಚ್ಚು ಒತ್ತಡಕ್ಕೆ ಸಿಕ್ಕಿ ಉರಿದಷ್ಟೂ ಪಿಸ್ಟನ್ನಿಗೆ ಬೀಳುವ ತಳ್ಳು ಜೋರು. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಉಬ್ಬುಗಳನ್ನು ಬೇರೆ ಆಕಾರಕ್ಕೆ ಅರೆದು, ವಾಲ್ವು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿದರು. ಹೀಗೆ ತಿದ್ದಿದ ಗಾಡಿಗಳಿಗೆ 1940ರ ದಶಕದ ನಡುವಿನಿಂದ ‘ಹಾಟ್ ರಾಡ್’ ಎಂಬ ಹೆಸರು ಅಂಟಿಕೊಂಡಿತು.

ಮಡ್‌ಗಾರ್ಡು ಬಿಚ್ಚಿದ್ದು ಬರೀ ಶೋಕಿಗಾಗಿ ಎಂದುಕೊಳ್ಳಬೇಡಿ. ಓಡುವ ಗಾಡಿಯನ್ನು ಗಾಳಿ ತಡೆಯುತ್ತದೆ. ವೇಗ ಎರಡರಷ್ಟಾದರೆ ಈ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಿ ಓಡಲು ಬೇಕಾದ ಎಂಜಿನ್ ಸಾಮರ್ಥ್ಯ ಎಂಟರಷ್ಟಾಗುತ್ತದೆ. ಎಂಟರಷ್ಟು ದೊಡ್ಡ ಎಂಜಿನ್ ತರುವುದು ಬಡ ಹುಡುಗನಿಂದ ಆಗದ ಮಾತು. ಗಾಳಿಗೆ ಎದುರಾಗುವ ಮೈಯನ್ನು ಕಡಿಮೆ ಮಾಡುವುದು ಮಾತ್ರ ಸ್ಪ್ಯಾನರು ಹಿಡಿದವನ ಕೈಯಲ್ಲೇ ಇರುವ ಉಪಾಯ. 1946ರಲ್ಲಿ ಬಿಲ್ ಬರ್ಕ್ ಎಂಬಾತ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದ. ಯುದ್ಧವಿಮಾನಗಳು ಹೊಟ್ಟೆಯಡಿ ಹೊತ್ತೊಯ್ಯುತ್ತಿದ್ದ ಹೆಚ್ಚುವರಿ ಇಂಧನದ ತೊಟ್ಟಿಗಳು ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಗುತ್ತಿದ್ದವು. ನೀರಿನ ಹನಿಯ ಆಕಾರದ ಅಂಥ ತೊಟ್ಟಿಗೆ ಎಂಜಿನ್ನು, ಚಕ್ರ ಜೋಡಿಸಿ ಅದನ್ನೇ ಕಾರು ಮಾಡಿದ! ಅದೇ ಮಾದರಿಯಲ್ಲಿ ಅಲೆಕ್ಸ್ ಜೈಡಿಯಸ್ ಕಟ್ಟಿದ ಗಾಡಿ 1952ರಲ್ಲಿ ಗಂಟೆಗೆ 198 ಮೈಲಿ ವೇಗದಲ್ಲಿ ಓಡಿತು.

ಪ್ರಕೃತಿ ಹಾಸಿಕೊಟ್ಟ ಮೈದಾನ

ಇಷ್ಟು ವೇಗದ ಗಾಡಿಯನ್ನು ಓಡಿಸುವುದೆಲ್ಲಿ? ಲಾಸ್ ಏಂಜಲಿಸಿನ ಬೆಟ್ಟಸಾಲು ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣ ಸರೋವರಗಳಿವೆ. ಚಳಿಗಾಲದ ಮಳೆಗೆ ಅವುಗಳಲ್ಲಿ ಗೇಣುದ್ದ ನೀರು ನಿಲ್ಲುತ್ತದೆ. ಗಾಳಿ ಆ ತೆಳು ನೀರನ್ನು ಅತ್ತಿತ್ತ ತಳ್ಳುವಾಗ ತಳದ ನುಣ್ಣನೆ ಮಣ್ಣು ಸಮತಟ್ಟಾಗುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಮೈಲಿಗಟ್ಟಲೆ ಗಟ್ಟಿ ನೆಲ ಉಳಿಯುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಪ್ರಕೃತಿಯೇ ವರ್ಷಕ್ಕೊಮ್ಮೆ ಸಾರಿಸಿ ಕೊಡುವ ಮೈದಾನವಿದು.

1930ರ ದಶಕದಲ್ಲಿ ಹುಡುಗರು ವಾರಾಂತ್ಯಕ್ಕೆ ಮ್ಯೂರಾಕ್‌ಗೆ ಹೋಗತೊಡಗಿದರು. ಆದರೆ ಅಲ್ಲಿಯೂ ಅಪಾಯ ತಪ್ಪಲಿಲ್ಲ. ಹಲವು ಗಾಡಿಗಳು ಸಾಲಾಗಿ ನಿಂತು ಒಟ್ಟಿಗೆ ಹೊರಡುತ್ತಿದ್ದವು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವರು ಕುರುಡರಂತೆ ಓಡಿಸಬೇಕು. ನಡುವೆ ಒಂದು ಗಾಡಿ ಕೆಟ್ಟು ನಿಂತರೆ ದೇವರೇ ಗತಿ.

ಆಗ ಹುಡುಗರಲ್ಲೇ ಕೆಲವರಿಗೆ ಬುದ್ಧಿ ಹೊಳೆಯಿತು. 1937ರಲ್ಲಿ ಹಲವು ಕ್ಲಬ್‌ಗಳು ಸೇರಿ ‘ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್’ ಎಂಬ ಒಕ್ಕೂಟ ಕಟ್ಟಿದವು. 1938ರಲ್ಲಿ ಅದರ ಮೊದಲ ಕೂಟ ಮ್ಯೂರಾಕ್‌ನಲ್ಲಿ ನಡೆಯಿತು. ಕ್ರಮೇಣ ಸಾಲು ಓಟ ನಿಂತು, ಒಂದು ಸಲಕ್ಕೆ ಒಂದೇ ಗಾಡಿ ಗಡಿಯಾರದ ಎದುರು ಓಡುವ ಪದ್ಧತಿ ಬಂತು. ಪಕ್ಕದವನನ್ನು ಸೋಲಿಸುವ ಆಟ ಹೋಗಿ, ತನ್ನ ಹಿಂದಿನ ವೇಗವನ್ನು ತಾನೇ ಮೀರುವ ಆಟ ಶುರುವಾಯಿತು. ಅಂದಹಾಗೆ, ಮ್ಯೂರಾಕ್ ಮುಂದೆ ಸೇನೆಯ ವಶಕ್ಕೆ ಹೋಗಿ ಇಂದಿನ ಎಡ್ವರ್ಡ್ಸ್ ವಾಯುನೆಲೆಯಾಯಿತು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗವನ್ನು ಮೀರಿ ಹಾರಿದ್ದು ಆ ನೆಲೆಯ ಆಕಾಶದಲ್ಲೇ! ಕಾರಿನ ಹುಡುಗರು ಎಲ್ ಮಿರಾಜ್‌ಗೆ ಸ್ಥಳಾಂತರಗೊಂಡರು.

ಬಾಗಿಲು ತೆರೆಯುವುದು ಹೇಗೆ?

ಈ ಒಕ್ಕೂಟದ ಒಂದು ನಿಯಮ ಗಮನಾರ್ಹ. ಇದು ಕ್ಲಬ್‌ಗಳ ಒಕ್ಕೂಟ. ಒಣ ಸರೋವರದಲ್ಲಿ ಗಾಡಿ ಓಡಿಸಬೇಕಾದರೆ ಯಾವುದಾದರೂ ಒಂದು ಕ್ಲಬ್ಬಿನ ಸದಸ್ಯನಾಗಿರಲೇಬೇಕು. ಒಂಟಿ ಸಲಗಗಳಿಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ಕ್ಲಬ್ ಸೇರುವುದು ಹೇಗೆ? ಪ್ರತಿ ಕ್ಲಬ್ಬಿಗೂ ತನ್ನದೇ ಕಟ್ಟಳೆ. ಆದರೂ ಸಾಮಾನ್ಯ ರೀತಿ ಹೀಗಿತ್ತು. ಮೊದಲು ಸದಸ್ಯನೊಬ್ಬ ಹೊಸಬನನ್ನು ಕರೆತಂದು ಪರಿಚಯಿಸಬೇಕು. ಹೊಸಬ ಕೆಲವು ಸಭೆಗಳಿಗೆ ಬಂದು ಸುಮ್ಮನೆ ಕೂರಬೇಕು. ಬೇರೆಯವರ ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ಬಿಗಿಯಬೇಕು, ಗ್ರೀಸು ಮೆತ್ತಿಕೊಳ್ಳಬೇಕು. ಅವನ ಗಾಡಿಯಿದ್ದರೆ ಹಿರಿಯ ಸದಸ್ಯರು ಬ್ರೇಕು, ಸ್ಟೇರಿಂಗು, ಬೆಸುಗೆ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಕೊನೆಗೆ ಮತ ಹಾಕಿ ಸೇರಿಸಿಕೊಳ್ಳುವುದೋ ಬಿಡುವುದೋ ತೀರ್ಮಾನ. ಅಪ್ಪನ ಹಣದಿಂದ ಹೊಸ ಕಾರು ತಂದವನಿಗೆ ವಿಶೇಷ ಮನ್ನಣೆಯಿರಲಿಲ್ಲ. ‘ಇದನ್ನು ನೀನೇ ಮಾಡಿದೆಯಾ?’ ಎಂಬುದೇ ಅಲ್ಲಿನ ದೊಡ್ಡ ಪ್ರಶ್ನೆ.

ಕ್ಲಬ್‌ಗಳ ಹೆಸರುಗಳೂ ಸ್ವಾರಸ್ಯಕರ. ‘ರೋಡ್ ರನ್ನರ್ಸ್’ ಎಂದರೆ ಮರುಭೂಮಿಯಲ್ಲಿ ನೆಲದ ಮೇಲೆ ಓಡಾಡುವ, ಕೋಗಿಲೆ ಕುಟುಂಬದ ಒಂದು ಹಕ್ಕಿ. ‘ಸೈಡ್‌ವೈಂಡರ್ಸ್’ ಎಂದರೆ ಬಿಸಿ ಮರಳಿನಲ್ಲಿ ಓರೆಯಾಗಿ ಸರಿಯುವ ಬುಡುಬುಡುಕೆ ಹಾವು. ‘ಗೇರ್ ಗ್ರೈಂಡರ್ಸ್’ ಎಂದರೆ ಗೇರನ್ನು ಕರಕರ ಅರೆಯುವವರು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಹೆಸರು.

ಸರಪಳಿಗೆ ತೂಗಿದ ಫಲಕ

ಸದಸ್ಯನಾದವನಿಗೆ ಸಿಗುತ್ತಿದ್ದ ಅಮೂಲ್ಯ ವಸ್ತುವೆಂದರೆ ಅಲ್ಯೂಮಿನಿಯಮ್ ಎರಕದ ಒಂದು ಫಲಕ. ಅದರ ಮೇಲೆ ಕ್ಲಬ್ಬಿನ ಹೆಸರು, ಚಿಹ್ನೆ, ಊರು. ಕಾರಿನ ಹಿಂಬದಿಗೆ ಅದನ್ನು ಸರಪಳಿಯಿಂದ ತೂಗುಬಿಡುತ್ತಿದ್ದರು. ಹಲವು ಕ್ಲಬ್‌ಗಳಲ್ಲಿ ಈ ಫಲಕ ಕ್ಲಬ್ಬಿನ ಆಸ್ತಿ. ಕ್ಲಬ್ ಬಿಟ್ಟವನು, ಹೊರಹಾಕಿಸಿಕೊಂಡವನು ಅದನ್ನು ಮರಳಿಸಬೇಕಿತ್ತು.

ಈ ಫಲಕದ ಮಹಿಮೆ ಬೇರೆಯೇ. ಹೆಸರಿಲ್ಲದ ಗಾಡಿಯಲ್ಲಿ ಹುಡುಗ ಏನು ಮಾಡಿದರೂ ಅದು ಅವನೊಬ್ಬನ ತಪ್ಪು. ಫಲಕ ತೂಗಿದ ಮೇಲೆ ಅವನ ತಪ್ಪು ಇಡೀ ಕ್ಲಬ್ಬಿನ ತಪ್ಪು. ಬೀದಿಯಲ್ಲಿ ಪಂದ್ಯ ಕಟ್ಟಿ ಸಿಕ್ಕಿಬಿದ್ದವನನ್ನು ಮುಂದಿನ ಸಭೆಯಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದರು, ದಂಡ ಹಾಕುತ್ತಿದ್ದರು, ಫಲಕ ಕಿತ್ತುಕೊಳ್ಳುವುದೂ ಇತ್ತು. ಪೊಲೀಸರ ದಂಡಕ್ಕೆ ಹೆದರದ ಹುಡುಗ ಗೆಳೆಯರ ಎದುರು ತಲೆ ತಗ್ಗಿಸಲು ಹೆದರುತ್ತಿದ್ದ. ಹದಿಹರೆಯದ ಮಕ್ಕಳನ್ನು ಬಲ್ಲ ತಂದೆ ತಾಯಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು. ಆ ವಯಸ್ಸಿನಲ್ಲಿ ಮನೆಯವರ ಮಾತಿಗಿಂತ ಓರಗೆಯವರ ಮಾತಿಗೆ ತೂಕ ಹೆಚ್ಚು. ಆ ತೂಕವನ್ನು ಕ್ಲಬ್ ಒಳ್ಳೆಯ ಕಡೆಗೆ ವಾಲಿಸಿತು.

1950ರ ದಶಕದಲ್ಲಿ ಇನ್ನೊಂದು ಒಳ್ಳೆಯ ರೂಢಿ ಹರಡಿತು. ದಾರಿಯಲ್ಲಿ ಯಾರದಾದರೂ ಕಾರು ಕೆಟ್ಟು ನಿಂತಿದ್ದರೆ ಕ್ಲಬ್ಬಿನ ಹುಡುಗ ತನ್ನ ಗಾಡಿ ನಿಲ್ಲಿಸಿ ರಿಪೇರಿ ಮಾಡಿಕೊಡುವುದು; ಹಣ ಪಡೆಯದೆ, ‘ನಿಮಗೆ ನೆರವಾದವರು ಇಂಥ ಕ್ಲಬ್ಬಿನವರು’ ಎಂಬ ಪುಟ್ಟ ಚೀಟಿಯೊಂದನ್ನು ಕೈಗಿತ್ತು ಹೋಗುವುದು. ಪುಂಡನೆಂದು ಬೈದವರ ಕೈಗೇ ಆ ಚೀಟಿ ಬಂದರೆ ಅವರ ಮನಸ್ಸು ಏನೆಂದುಕೊಂಡೀತು!

ಸದಸ್ಯತ್ವ ಹುಡುಗರಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ವೀಡಾ ಆರ್ ಸಾಕ್ಷಿ. ಒಕ್ಕೂಟದ ಓಟಗಳಲ್ಲಿ ಭಾಗವಹಿಸಿದ ಮೊದಲ ಮಹಿಳೆ ಈಕೆ. ಎರಡನೆಯ ಮಹಾಯುದ್ಧ ಬಂದಾಗ ಓಟಗಳು ನಿಂತವು. ಹುಡುಗರು ಸೇನೆ ಸೇರಿ ದಿಕ್ಕಾಪಾಲಾದರು. ಆಗ ಈಕೆ ಒಕ್ಕೂಟದ ಸುದ್ದಿಪತ್ರವನ್ನು ನಡೆಸಿ, ದೂರದ ರಣರಂಗಗಳಲ್ಲಿದ್ದ ಸದಸ್ಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಕಾರಿಲ್ಲ, ಓಟವಿಲ್ಲ, ಮೈದಾನವೂ ಇಲ್ಲ. ಆದರೂ ಕ್ಲಬ್ ಉಳಿಯಿತು. ಯುದ್ಧ ಮುಗಿದೊಡನೆ ಅದು ಮತ್ತೆ ಎದ್ದು ನಿಂತಿದ್ದಕ್ಕೆ ಈ ಕಾಗದಗಳ ಕೊಡುಗೆಯೂ ಉಂಟು.

ಗಡಿಯಾರದ ಗಣಿತ

ವಿದ್ಯಾರ್ಥಿಗಳಿಗೆ ಇಲ್ಲಿ ಸೊಗಸಾದ ಒಂದು ಲೆಕ್ಕವಿದೆ. ಎಲ್ ಮಿರಾಜ್‌ನಲ್ಲಿ ಈಗ ಓಟದ ಹಾದಿ 1.3 ಮೈಲಿ, ಅಂದರೆ ಸುಮಾರು 2.1 ಕಿ.ಮೀ. ವೇಗ ಅಳೆಯುವುದು ಕೊನೆಯ 132 ಅಡಿಗಳಲ್ಲಿ ಮಾತ್ರ. ಏಕೆ 132? ಒಂದು ಮೈಲಿಗೆ 5,280 ಅಡಿ. 132 ಅಡಿ ಅದರ ನಲವತ್ತನೆಯ ಒಂದು ಭಾಗ. ಗಂಟೆಗೆ 3,600 ಸೆಕೆಂಡು. ಅದನ್ನು 40ರಿಂದ ಭಾಗಿಸಿದರೆ 90. ಆದ್ದರಿಂದ 90ನ್ನು ಸೆಕೆಂಡುಗಳಿಂದ ಭಾಗಿಸಿದರೆ ನೇರವಾಗಿ ಗಂಟೆಗೆ ಎಷ್ಟು ಮೈಲಿ ಎಂದು ಸಿಗುತ್ತದೆ. ಒಂದು ಸೆಕೆಂಡಿನಲ್ಲಿ ದಾಟಿದವನ ವೇಗ ಗಂಟೆಗೆ 90 ಮೈಲಿ. 0.45 ಸೆಕೆಂಡಿನಲ್ಲಿ ದಾಟಿದವನದ್ದು 200 ಮೈಲಿ, ಅಂದರೆ ಸುಮಾರು 322 ಕಿ.ಮೀ.

ಈಗ ಗಡಿಯಾರ ಬರೀ 0.01 ಸೆಕೆಂಡು ತಪ್ಪಿ 0.44 ಎಂದು ತೋರಿಸಿತೆನ್ನಿ. ವೇಗ 204.5 ಮೈಲಿಗೆ ಏರಿಬಿಡುತ್ತದೆ! ಕೈಗಡಿಯಾರ ನೋಡಿ ‘ನಾನು ಇನ್ನೂರು ಮುಟ್ಟಿದೆ’ ಎಂದು ಬಡಾಯಿ ಕೊಚ್ಚುವವರ ಮಾತು ಏಕೆ ನಿಲ್ಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಒಕ್ಕೂಟದ ಹೆಸರಿನಲ್ಲೇ ‘ಟೈಮಿಂಗ್’ ಎಂಬ ಪದವಿದೆ. ಕರಾರುವಾಕ್ಕಾಗಿ ಅಳೆಯುವುದೇ ಅದರ ಮೂಲ ಕಸುಬು.

ಅಳತೆಯಿದ್ದಲ್ಲಿ ಕಲಿಕೆ ತಾನಾಗಿ ಬರುತ್ತದೆ. ಲಾಸ್ ಏಂಜಲಿಸಿನಲ್ಲಿ ಗ್ಯಾರೇಜ್ ನಡೆಸುತ್ತಿದ್ದ ವಿಕ್ ಎಡೆಲ್‌ಬ್ರಾಕ್ ತನ್ನ 1932ರ ಫೋರ್ಡಿಗೆಂದು ಹೊಸ ಬಗೆಯ ಇನ್‌ಟೇಕ್ ಕೊಳವೆಯನ್ನು ತಯಾರಿಸಿ ಒಣ ಸರೋವರದಲ್ಲಿ ಪರೀಕ್ಷಿಸಿದ. ಗೆಳೆಯರು ತಮಗೂ ಬೇಕೆಂದರು. ಅದೇ ದೊಡ್ಡ ಉದ್ಯಮವಾಯಿತು. ಆರ್ಮೇನಿಯನ್ ಮೂಲದ ಎಡ್ ಇಸ್ಕೆಂಡೇರಿಯನ್ ಯುದ್ಧಾನಂತರ ಕ್ಯಾಮ್‌ಶಾಫ್ಟ್ ಅರೆಯುವ ಕೆಲಸ ಶುರುಮಾಡಿ ಆ ಕ್ಷೇತ್ರದಲ್ಲೇ ಹೆಸರಾದ. ಇವರಿಗೆಲ್ಲ ಪ್ರಯೋಗಾಲಯ ಆ ಬಯಲು; ಪರೀಕ್ಷಕ ಆ ಗಡಿಯಾರ.

ಬೀದಿಯಿಂದ ರನ್‌ವೇಗೆ

ಯುದ್ಧ ಮುಗಿದ ಮೇಲೆ ಹಾಟ್ ರಾಡ್‌ಗಳು ಹೆಚ್ಚಿದವು. ಬೀದಿ ಪಂದ್ಯಗಳೂ ಹೆಚ್ಚಿದವು. ಸಾರ್ವಜನಿಕರ ಸಿಟ್ಟು ಏರಿತು. ಕ್ಲಬ್‌ಗಳು ಆಗ ಬಾಗಿಲು ಹಾಕಿಕೊಂಡು ಕೂರಲಿಲ್ಲ. 1948ರ ಜನವರಿಯಲ್ಲಿ ಲಾಸ್ ಏಂಜಲಿಸಿನಲ್ಲಿ ಒಕ್ಕೂಟ ಒಂದು ಪ್ರದರ್ಶನ ಏರ್ಪಡಿಸಿ, ತಾವು ಮಾಡುವುದೇನೆಂದು ಜನರಿಗೆ ತೋರಿಸಿತು. ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಮಾರಿದ್ದು ಅಲ್ಲೇ. ಬೆಲೆ 25 ಸೆಂಟು. 1949ರ ಆಗಸ್ಟಿನಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ‘ಸ್ಪೀಡ್ ವೀಕ್’ ನಡೆಯಿತು.

ಆದರೆ ಬಾನ್‌ವಿಲ್ ಸಾವಿರ ಕಿ.ಮೀ. ದೂರ. ಪ್ರತಿ ಶನಿವಾರ ರಾತ್ರಿ ಬೀದಿಗಿಳಿಯುವ ಹುಡುಗನಿಗೆ ಹತ್ತಿರದಲ್ಲೇ ಜಾಗ ಬೇಕು. 1950ರಲ್ಲಿ ಸಾಂತಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಕಾಲು ಮೈಲಿಯ ಓಟಗಳು ಶುರುವಾದವು. ರೋಡ್ ರನ್ನರ್ಸ್ ಕ್ಲಬ್ಬಿನ ಸದಸ್ಯನೂ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕನೂ ಆಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದ. 1953ರ ಏಪ್ರಿಲಿನಲ್ಲಿ ಅದರ ಮೊದಲ ಅಧಿಕೃತ ಓಟ ಪೊಮೊನಾ ಊರಿನ ಜಾತ್ರೆ ಮೈದಾನದಲ್ಲಿ ನಡೆಯಿತು. ಅದಕ್ಕೆ ಬೆಂಬಲ ಕೊಟ್ಟವರು ಯಾರು ಗೊತ್ತೆ? ಆ ಊರಿನ ಪೊಲೀಸರೇ! 1954ರಲ್ಲಿ ಅಸೋಸಿಯೇಷನ್ನಿನ ಒಂದು ಪುಟ್ಟ ತಂಡ ಒಂದು ಕಾರು, ಒಂದು ಟ್ರೈಲರಿನಲ್ಲಿ ದೇಶ ಸುತ್ತಿ, ಸುರಕ್ಷಿತವಾಗಿ ಓಟ ನಡೆಸುವುದು ಹೇಗೆಂದು ಊರೂರಿನ ಕ್ಲಬ್‌ಗಳಿಗೆ ಕಲಿಸಿತು. ಆ ತಂಡದಲ್ಲಿ ಪೊಮೊನಾದ ಪೊಲೀಸ್ ಸಾರ್ಜೆಂಟ್ ಕೂಡ ಇದ್ದ.

ಇಂದಿಗೂ ಎಲ್ ಮಿರಾಜ್‌ನಲ್ಲಿ ಓಟಗಳು ನಡೆಯುತ್ತವೆ. ಹೊಸ ಚಾಲಕ ಮೊದಲ ದಿನವೇ 200 ಮೈಲಿಗೆ ಹಾರುವಂತಿಲ್ಲ. 125 ಮೈಲಿಯೊಳಗೆ ಓಡಿಸಿ ತೋರಿಸಬೇಕು. ಆಮೇಲೆ 150, 175, 200 ಎಂದು ತರಗತಿಯಿಂದ ತರಗತಿಗೆ ತೇರ್ಗಡೆ. ಬೆಂಕಿ ತಗುಲದ ಉಡುಪು, ಹೆಲ್ಮೆಟ್ ತೊಟ್ಟು, ಬೆಲ್ಟು ಬಿಗಿದ ಸ್ಥಿತಿಯಿಂದ ತಾನೇ ಬಿಡಿಸಿಕೊಂಡು ಬೇಗ ಹೊರಬರಬಲ್ಲೆನೆಂದು ತೋರಿಸಬೇಕು. ಬಾನ್‌ವಿಲ್‌ನ ‘200 ಮೈಲಿ ಕ್ಲಬ್’ 1953ರಷ್ಟು ಹಳೆಯದು. 200 ಮೈಲಿ ಮೀರಿದ ದಾಖಲೆ ಮಾಡಿದವನಿಗೇ ಅಲ್ಲಿ ಪ್ರವೇಶ. ಎಷ್ಟು ಡಾಲರ್ ಸುರಿದರೂ ಆ ಸದಸ್ಯತ್ವ ಕೊಳ್ಳಲಾಗದು. ಮತ್ತೊಂದು ಮಾತು: ಓಟದ ದಿನ ಎಲ್ಲರೂ ಓಡಿಸುವುದಿಲ್ಲ. ಬಯಲಿನಲ್ಲಿ ಕಾವಲು ನಿಲ್ಲುವ ಕೆಲಸ ಕ್ಲಬ್‌ಗಳ ಪಾಳಿ. ಬೇರೆಯವನ ಓಟ ಸುರಕ್ಷಿತವಾಗಿ ಮುಗಿಯಲೆಂದು ಬಿಸಿಲಲ್ಲಿ ನಿಲ್ಲುವುದೂ ಸದಸ್ಯತ್ವದ ಭಾಗವೇ.

ನಮ್ಮ ಮಕ್ಕಳಿಗೆ

ನಮ್ಮ ದೇಶದ ಕಾನೂನು ಬೇರೆ. ಕಾರ್ಖಾನೆಯಿಂದ ಬಂದ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಿ ರಸ್ತೆಯಲ್ಲಿ ಓಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಗ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಸಿಗದು. ಭೌತವಿಜ್ಞಾನದ ಕಾನೂನು ಇದಕ್ಕಿಂತ ಕಠಿಣ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಬೈಕಿನ ಚಲನಶಕ್ತಿ 50 ಕಿ.ಮೀ. ವೇಗದಲ್ಲಿದ್ದಾಗಿನ ನಾಲ್ಕರಷ್ಟು, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ನಾಲ್ಕರಷ್ಟು. ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ತಡವಾದರೆ ಅಷ್ಟರಲ್ಲೇ ಬೈಕು 28 ಮೀಟರ್ ಮುಂದೆ ಹೋಗಿರುತ್ತದೆ.

ಆಸಕ್ತಿಯಿರುವ ಹುಡುಗ ಹುಡುಗಿಯರಿಗೆ ನಮ್ಮಲ್ಲೂ ಸರಿಯಾದ ದಾರಿಗಳಿವೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು ಪೊಮೊನಾ ಓಟದ ವರ್ಷವಾದ 1953ರಲ್ಲೇ. ಅದು ಕೂಡ ಮೊದಲಿಗೆ ಓಟ ನಡೆಸಿದ್ದು ಶೋಲಾವರಂನ ಯುದ್ಧಕಾಲದ ಹಳೆಯ ರನ್‌ವೇಯಲ್ಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ್‍ಯಾಲಿ ಹೆಸರುವಾಸಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡ ಕಟ್ಟಿ, ತಾವೇ ವಾಹನ ತಯಾರಿಸಿ, ತಪಾಸಣೆಗೆ ಒಡ್ಡಿ ಓಡಿಸುವ ‘ಬಾಹಾ’ ಸ್ಪರ್ಧೆ 2007ರಿಂದ ಭಾರತದಲ್ಲಿ ನಡೆಯುತ್ತಿದೆ.

ಮಗ ಬೈಕು ಬಿಚ್ಚಿ ಕೂತಿದ್ದಾನೆಂದರೆ ಬೈಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಕೆಲವುಂಟು. ಅದನ್ನು ಪರೀಕ್ಷಿಸುವ ಹಿರಿಯರು ಯಾರಿದ್ದಾರೆ? ಓಡಿಸುವ ಜಾಗ ಯಾವುದು? ತಪ್ಪು ಮಾಡಿದರೆ ‘ನಮ್ಮ ಹೆಸರು ಕೆಡಿಸಬೇಡ’ ಎನ್ನುವ ಗೆಳೆಯರಿದ್ದಾರೆಯೆ? ಲಾಸ್ ಏಂಜಲಿಸಿನ ಆ ಹುಡುಗರಿಗೆ ಈ ಮೂರಕ್ಕೂ ಉತ್ತರ ಸಿಕ್ಕಿದ್ದು ಕ್ಲಬ್ಬಿನಲ್ಲಿ. ನಮ್ಮ ಮಕ್ಕಳಿಗೆ ಅದು ಶಾಲೆಯ ವಿಜ್ಞಾನ ಸಂಘವಾಗಬಹುದು, ಊರಿನ ಒಳ್ಳೆಯ ಮೆಕ್ಯಾನಿಕ್ಕಿನ ಗ್ಯಾರೇಜೂ ಆಗಬಹುದು. ಈ ರಜೆಯಲ್ಲಿ ಅಂಥದೊಂದು ಜಾಗವನ್ನು ಮಗನೊಡನೆ ಕೂಡಿ ಹುಡುಕಿ ನೋಡಿ.